ಕಾಲುಚೀಲದೊಳಗೆ ಅಡಗಿದ್ದ ನೋವು: ಪಾರ್ಕಿನ್ಸನ್, ಗೌಟ್ ಮತ್ತು ನಿಲ್ಲಿಸಿದ ಒಂದು ಮಾತ್ರೆ

ಯುಗಾದಿಯ ಮರುದಿನದ ಹೊಸತೊಡಕು ಕಳೆದು ನಾಲ್ಕನೇ ದಿನ, ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. "ಡಾಕ್ಟ್ರಮ್ಮ, ಯಜಮಾನ್ರು ಎರಡು ದಿವ್ಸದಿಂದ ಎದ್ದೇ ನಿಂತಿಲ್ಲ ಕನವ್ವ. ನಡುಕದ ಕಾಯ್ಲೆ ಜಾಸ್ತಿಯಾಗೋಯ್ತೋ ಏನೋ," ಎಂದರು ಆ ತಾಯಿ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತಾ ಇದ್ದೀರಾ ಎಂದು ಕೇಳಿದೆ. ಕೊಡ್ತಾ ಇದ್ದರು. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ ಮಾತ್ರೆ ಹೆಚ್ಚು ಕೊಡಿ, ಎರಡು ದಿನ ನೋಡೋಣ ಎಂದೆ. ಹೊರಗೆ ರೋಗಿಗಳು ಕಾಯುತ್ತಿದ್ದರು; ಫೋನ್ ಇಟ್ಟೆ.

ಹಾಗೆ ಹೇಳಬಾರದಿತ್ತು. ಆ ತಾಯಿ ಹೇಳಿದ ನಡುಕದ ಕಾಯಿಲೆ, ಅಂದರೆ ಪಾರ್ಕಿನ್ಸನ್, ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಏರುತ್ತದೆ. ಮೊನ್ನೆ ನಡೆದಾಡುತ್ತಿದ್ದವರು ಇವತ್ತು ಏಳಲಾರರು ಎಂದರೆ ಅದು ಪಾರ್ಕಿನ್ಸನ್‌ನ ನಡಿಗೆಯಲ್ಲ, ಬೇರೆ ಏನೋ ಒಳಹೊಕ್ಕಿದೆ ಎಂದೇ ಅರ್ಥ. ಮೂತ್ರದ ಸೋಂಕು, ಎದೆಯ ಸೋಂಕು, ನೀರು ಸಾಲದ್ದು, ಮಲಬದ್ಧತೆ, ಯಾರೋ ಕೊಟ್ಟ ಹೊಸ ಮಾತ್ರೆ, ಬಿದ್ದು ಮುರಿದ ಮೂಳೆ, ಇಲ್ಲವೇ ನೋವು. ಇದನ್ನು ನಾನು ಕಿರಿಯ ವೈದ್ಯರಿಗೆ ಪಾಠವಾಗಿ ಹೇಳಿದ್ದೇನೆ. ಆ ದಿನ ನನಗೇ ಹೊಳೆಯಲಿಲ್ಲ.

ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕಾರಣ ಒಂದೇ. ಕೀಲುಗಳಲ್ಲಿ ಹರಳುಗಟ್ಟಿ ಗೌಟ್ ಎಂಬ ಕೀಲುನೋವು ತರುವ ಯೂರಿಕ್ ಆಸಿಡ್ ರಕ್ತದಲ್ಲಿ ಹೆಚ್ಚಿದ್ದರೆ ಮಿದುಳಿಗೆ ಒಳ್ಳೆಯದು ಎಂಬ ಮಾತು ಈಗ ಮೊಬೈಲುಗಳಲ್ಲಿ ಓಡಾಡುತ್ತಿದೆ. ಅದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜ ಒಂದು ಮನೆಯಲ್ಲಿ ಏನು ಮಾಡಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಯಜಮಾನರು

ವಯಸ್ಸು 68. ಮಂಡ್ಯ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಮಗ್ಗುಲಿಗೆ ಇರುವ ಊರು. ಭತ್ತ, ಕಬ್ಬು, ಜೊತೆಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸ್ವಂತ ಆಲೆಮನೆ. 55ರ ವಯಸ್ಸಿನಲ್ಲಿ ಮೊದಲ ಸಲ ಗೌಟ್ ಬಂತು. ನಡುರಾತ್ರಿ ಹೆಬ್ಬೆರಳ ಬುಡ ಕೆಂಡದ ಹಾಗೆ ಉರಿದು, ಹೊದ್ದ ಪಂಚೆ ತಾಕಿದರೂ ಕಿರುಚುವಂತಾಗಿತ್ತಂತೆ. ಅದಾದ ಮೇಲೆ ಎರಡು ಮೂರು ದಾಳಿಗಳು. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ದಿನಕ್ಕೆ 300 ಮಿಲಿಗ್ರಾಂ ಹಿಡಿದ ಮೇಲೆ ಏಳು ವರ್ಷ ಒಂದು ದಾಳಿಯೂ ಇಲ್ಲ. ರಕ್ತದ ಯೂರಿಕ್ ಆಸಿಡ್ ಡೆಸಿಲೀಟರಿಗೆ 5.2 ಮಿಲಿಗ್ರಾಂ ಆಸುಪಾಸಿನಲ್ಲೇ ಇರುತ್ತಿತ್ತು.

ಪಾರ್ಕಿನ್ಸನ್ ಗೊತ್ತಾಗಿ ನಾಲ್ಕು ವರ್ಷ. ಬಲಗೈ ಸುಮ್ಮನೆ ತೊಡೆಯ ಮೇಲೆ ಇಟ್ಟಾಗ ಹೆಬ್ಬೆರಳು ತೋರುಬೆರಳು ಬೀಡಿ ಸುತ್ತುವ ಹಾಗೆ ಆಡುತ್ತಿದ್ದವು, ಸಹಿ ಬರಬರುತ್ತಾ ಸಣ್ಣದಾಗಿತ್ತು. ಮೈಸೂರಿನ ನರರೋಗ ತಜ್ಞರು ನೋಡಿ ಲೆವೊಡೋಪಾ–ಕಾರ್ಬಿಡೋಪಾ ದಿನಕ್ಕೆ ಮೂರು ಹೊತ್ತು ಶುರು ಮಾಡಿದ್ದರು.

ಆದರೆ ಕಾಯಿಲೆ ಶುರುವಾದದ್ದು ಕೈಯಲ್ಲಲ್ಲ. ಕೈ ನಡುಗುವುದಕ್ಕೆ ಮೂರು ವರ್ಷ ಮೊದಲು ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಪಾಕ ಪೂರ್ತಿ ಸೀದು ಹೋಗಿತ್ತು. ಅವರು ಒಲೆಯ ಪಕ್ಕದಲ್ಲೇ ಕೂತಿದ್ದರು. ಗದ್ದೆಯಲ್ಲಿದ್ದವರಿಗೆ ಸೀದ ವಾಸನೆ ಬಡಿದು ಓಡಿ ಬಂದರೆ ಇವರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. "ನಂಗೆ ವಾಸ್ನೇನೇ ಬರ್ನಿಲ್ಲ ಕನವ್ವ. ಆಳುಗಳ ಮೇಲೆ ಕೂಗಾಡ್ಬುಟ್ಟೆ," ಎಂದು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ನಾನು ಕೇಳಿದ್ದಕ್ಕೆ. ಬೆಲ್ಲದ ಹದವನ್ನು ಮೂಗಿನಿಂದಲೇ ಹಿಡಿಯುತ್ತಿದ್ದ ಮನುಷ್ಯ ಅವರು. ವಾಸನೆ ಹೋಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು: ಇವು ನಡುಕಕ್ಕಿಂತ ವರ್ಷಗಳ ಮುಂಚೆ ಬರುತ್ತವೆ. ಮಿದುಳಿನ ಕಪ್ಪು ಭಾಗವೆಂದು ಕರೆಯುವ ಜಾಗದಲ್ಲಿ ಡೋಪಮಿನ್ ಎಂಬ, ಮೈಯ ಚಲನೆಗೆ ಬೇಕಾದ ರಾಸಾಯನಿಕವನ್ನು ಮಾಡುವ ಜೀವಕೋಶಗಳು ಸಾಕಷ್ಟು ಸತ್ತ ಮೇಲೆಯೇ ನಡುಕ ಕಾಣಿಸುವುದು.

ಮಾತ್ರೆ ನಿಂತದ್ದು

ಮಗ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವವರು. ತಂದೆಯ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಪಾರ್ಕಿನ್ಸನ್ ಬಂದವರಲ್ಲಿ ಯೂರಿಕ್ ಆಸಿಡ್ ಕಡಿಮೆ ಇರುತ್ತದೆ, ಹೆಚ್ಚಿದ್ದವರಿಗೆ ಕಾಯಿಲೆ ನಿಧಾನವಾಗಿ ಏರುತ್ತದೆ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲೇ ತಂದೆಯ ರಿಪೋರ್ಟು: 5.2. ಆ 5.2 ಎನ್ನುವುದು ಮಾತ್ರೆ ನುಂಗಿ ಇಳಿಸಿದ ಅಂಕಿ. ಅಂದರೆ ಅಪ್ಪಾಜಿಯ ಮಿದುಳಿಗೆ ಬೇಕಾದದ್ದನ್ನು ನಾವೇ ದಿನಾ ಒಂದು ಮಾತ್ರೆ ಕೊಟ್ಟು ಕಳೆಯುತ್ತಿದ್ದೇವೆ ಎಂದು ಅವರಿಗೆ ಅನಿಸಿತು. ಏಳು ವರ್ಷದಿಂದ ಗೌಟ್ ಬಂದಿಲ್ಲ, ಇನ್ನೆಲ್ಲಿ ಬರುತ್ತದೆ ಎಂಬುದು ಇನ್ನೊಂದು ಲೆಕ್ಕ. ದಸರಾ ರಜೆಗೆ ಊರಿಗೆ ಬಂದಾಗ ಮಾತ್ರೆ ನಿಲ್ಲಿಸಿದರು. ಕಬ್ಬು ಕಡಿಯುವ ಕಾಲವಾದ್ದರಿಂದ ದಿನಕ್ಕೊಂದು ಲೋಟ ಕಬ್ಬಿನ ಹಾಲನ್ನೂ ಕೊಡಲು ಹೇಳಿದರು. ಶಕ್ತಿಗೆ ಶಕ್ತಿಯೂ ಆಯಿತು ಎಂದು.

ಪ್ರೀತಿಯಿಂದ ಮಾಡಿದ ಕೆಲಸ. ಕೇಳಿ ಮಾಡಬೇಕಿತ್ತು ಎಂಬುದನ್ನು ಬಿಟ್ಟರೆ ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ನನ್ನ ಹತ್ತಿರ ಬಂದಾಗಲೆಲ್ಲ ಹತ್ತು ನಿಮಿಷದಲ್ಲಿ ನಡಿಗೆ, ಬಿಪಿ, ಮಾತ್ರೆಯ ಹೊತ್ತು ಇಷ್ಟು ಕೇಳಿ ಕಳಿಸುತ್ತಿದ್ದೆ. ಗೌಟ್ ಮಾತ್ರೆ ನಡೆಯುತ್ತಿದೆಯೇ ಎಂದು ಐದು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮುಂದೆ ಬೇಸಿಗೆ ಬಂತು. ರಾತ್ರಿ ಬಚ್ಚಲಿಗೆ ಏಳುವುದು ಕಷ್ಟವೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಹೊಸತೊಡಕಿಗೆ ಮನೆ ತುಂಬ ನೆಂಟರು. ಮಟನ್ ಸಾರು, ಬೋಟಿ (ಕರುಳು) ಗೊಜ್ಜು, ಈಲಿ (ಲಿವರ್) ಹುರಿದದ್ದು. ಈಲಿ, ಬೋಟಿಯಂಥವುಗಳಲ್ಲಿ ಪ್ಯೂರಿನ್ ಹೆಚ್ಚು. ಅದೇ ದೇಹದಲ್ಲಿ ಯೂರಿಕ್ ಆಸಿಡ್ ಆಗುತ್ತದೆ. ಐದು ತಿಂಗಳಿಂದ ಏರಿ ನಿಂತಿದ್ದ ಯೂರಿಕ್ ಆಸಿಡ್‌ಗೆ ಒಣಗಿದ ಮೈಯೂ ಹಬ್ಬದೂಟವೂ ಸೇರಿದವು.

ಕಾಲುಚೀಲ

ನಾನು ಹೇಳಿದ ಹೆಚ್ಚಿನ ಅರ್ಧ ಮಾತ್ರೆಗೆ ಅವರಿಗೆ ವಾಕರಿಕೆ ಬಂತು. ಹತ್ತಿರದ ಔಷಧಿ ಅಂಗಡಿಯಿಂದ ವಾಂತಿ ಮಾತ್ರೆ ತಂದು ಕೊಟ್ಟರು. ಅದು ಮೆಟೊಕ್ಲೋಪ್ರಮೈಡ್. ಮಿದುಳಿನಲ್ಲಿ ಡೋಪಮಿನ್ ಕೆಲಸ ಮಾಡುವ ಜಾಗವನ್ನೇ ಅದು ಮುಚ್ಚುತ್ತದೆ; ಪಾರ್ಕಿನ್ಸನ್ ಇರುವವರಿಗೆ ಕೊಡಲೇಬಾರದ ಮಾತ್ರೆ. ವಾಂತಿಗೆ ಏನಾದರೂ ಬೇಕೇ ಬೇಕೆಂದರೆ ನಾವು ಡೊಂಪೆರಿಡೋನ್ ನೋಡುತ್ತೇವೆ, ಅದನ್ನೂ ಹೃದಯದ ಸ್ಥಿತಿ ನೋಡಿಕೊಂಡು. ಒಂದೂವರೆ ದಿನದಲ್ಲಿ ಅವರು ಇನ್ನಷ್ಟು ಸೆಟೆದುಕೊಂಡರು. ಎರಡನೇ ಫೋನ್ ಬಂದ ಸಂಜೆ ಕ್ಲಿನಿಕ್ ಬೇಗ ಮುಚ್ಚಿ ಊರಿಗೆ ಹೋದೆ.

ನಡುಮನೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಮುಖದಲ್ಲಿ ಏನೂ ಇಲ್ಲ. ಪಾರ್ಕಿನ್ಸನ್‌ನಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ. ನಗು, ಸಿಟ್ಟು, ನೋವು ಯಾವುದೂ ಮುಖದ ಮೇಲೆ ಬರುವುದಿಲ್ಲ. ದನಿಯೂ ಕುಗ್ಗಿರುತ್ತದೆ. ನೋವಾ ಎಂದು ಕೇಳಿದರೆ ತುಟಿ ಅಲುಗಿತು, ಮಾತು ಕೇಳಲಿಲ್ಲ. ಎಬ್ಬಿಸಿ ಕೂರಿಸಲು ಹೋದೆವು. ಬಲಗಾಲನ್ನು ನೆಲಕ್ಕೆ ಇಳಿಸುತ್ತಲೇ ಅವರ ಎಡಗೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿಯಿತು, ಗೆಣ್ಣುಗಳು ಬೆಳ್ಳಗಾದವು. ಮುಖ ಮಾತ್ರ ಹಾಗೇ ಇತ್ತು.

ಕಾಲಿಗೆ ದಪ್ಪ ನೀಲಿ ಕಾಲುಚೀಲ, ಅಡಿಯಲ್ಲಿ ರಬ್ಬರಿನ ಚುಕ್ಕಿಗಳು. ಹೊಸ ಟೈಲ್ಸ್ ನೆಲದಲ್ಲಿ ಜಾರಬಾರದೆಂದು ಮಗ ತಂದುಕೊಟ್ಟದ್ದು. ರಾತ್ರಿ ಹಗಲು ಅದು ಕಾಲಲ್ಲೇ. ಮೆಲ್ಲಗೆ ಬಿಡಿಸಿದೆ. ಕಾಲುಚೀಲದ ನೇಯ್ಗೆ ಚರ್ಮದ ಮೇಲೆ ಅಚ್ಚೊತ್ತಿತ್ತು. ಹೆಬ್ಬೆರಳ ಬುಡ ಮತ್ತು ಹರಡು ಕೆಂಪಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಅಂಗೈಯನ್ನು ಒಂದು ಅಂಗುಲ ದೂರ ಹಿಡಿದರೂ ಕಾವು ಗೊತ್ತಾಗುತ್ತಿತ್ತು. ಪಂಚೆ ಸರಿಸಿದರೆ ಮಂಡಿಯೂ ದಪ್ಪಗಾಗಿತ್ತು. ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟರು. "ಇಷ್ಟೊಂದು ಬಾತೈತೆ, ಒಂದ್ ಮಾತ್ ಅನ್ನಬಾರ್ದಾ?" ಎಂದರು ಗಂಡನಿಗೆ. ಅವರು ಅಂದಿದ್ದರು. ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಗೌಟ್ ಎಂದು ಕಣ್ಣಿಗೆ ಕಂಡರೂ ಅಷ್ಟಕ್ಕೇ ನಿಲ್ಲುವ ಹಾಗಿರಲಿಲ್ಲ. ಊದಿದ ಬಿಸಿ ಕೀಲಿನೊಳಗೆ ಕೀವು ಇದ್ದರೆ ಎರಡು ದಿನದಲ್ಲಿ ಕೀಲು ಹಾಳಾಗುತ್ತದೆ, ಜೀವಕ್ಕೂ ಅಪಾಯ. ಮಾರನೇ ಬೆಳಿಗ್ಗೆಯೇ ಮಂಡಿಯಿಂದ ಸೂಜಿ ಹಾಕಿ ಸುಮಾರು 20 ಮಿಲಿಲೀಟರ್ ನೀರು ತೆಗೆದೆ. ಅಕ್ಕಿ ತೊಳೆದ ನೀರಿಗೆ ಚೂರು ಅರಿಸಿನ ಬೆರೆಸಿದ ಹಾಗಿತ್ತು. ಮೈಸೂರಿನ ಲ್ಯಾಬಿಗೆ ಕಳಿಸಿದೆವು. ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಯೂರೇಟ್ (ಯೂರಿಕ್ ಆಸಿಡ್‌ನ ಲವಣ) ಹರಳುಗಳು ಕಂಡವು, ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಕಿಡ್ನಿಯ ಕೆಲಸ ಹೇಳುವ ಕ್ರಿಯಾಟಿನಿನ್ 1.1 ಇದ್ದದ್ದು 1.5ಕ್ಕೆ ಏರಿತ್ತು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಆ ದಿನ ರಕ್ತದ ಯೂರಿಕ್ ಆಸಿಡ್ 6.9 ಬಂತು. ರಿಪೋರ್ಟಿನಲ್ಲಿ ಅದು 'ನಾರ್ಮಲ್' ಎಂಬ ಗೆರೆಯೊಳಗೇ ಇತ್ತು. ಗೌಟ್ ದಾಳಿ ನಡೆಯುವ ಹೊತ್ತಿನಲ್ಲಿ ಯೂರಿಕ್ ಆಸಿಡ್ ಇಳಿದು ಸರಿಯಾಗಿದೆ ಎಂಬಂತೆ ತೋರುವುದು ಸಾಮಾನ್ಯ. ಆ ಒಂದು ಅಂಕಿ ನೋಡಿ ಗೌಟ್ ಅಲ್ಲ ಎಂದು ಕೈಬಿಟ್ಟವರು ಎಷ್ಟೋ ಜನ. ಎರಡು ವಾರ ಕಳೆದು ನೋಡಿದಾಗ 8.9 ಇತ್ತು.

ಆಲೆಮನೆಯ ಲೆಕ್ಕ

ವಯಸ್ಸು, ಕಿಡ್ನಿ ಎರಡೂ ನೋಡಿ ಸಾಮಾನ್ಯ ನೋವಿನ ಮಾತ್ರೆಗಳನ್ನು ಕೊಡಲಿಲ್ಲ. ಸೋಂಕಿಲ್ಲ ಎಂದು ಖಾತ್ರಿಯಾದ ಮೇಲೆ ಊತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ 30 ಮಿಲಿಗ್ರಾಂ ಐದು ದಿನ. ವಾಂತಿ ಮಾತ್ರೆಯೂ ನಾನು ಹೆಚ್ಚಿಸಿದ ಅರ್ಧ ಮಾತ್ರೆಯೂ ಅದೇ ದಿನ ನಿಂತವು. ಮೂರನೇ ದಿನ ಅವರು ಕಾಲು ನೆಲಕ್ಕೆ ಊರಿದರು.

ಎರಡು ವಾರ ಬಿಟ್ಟು ಅಲೋಪ್ಯುರಿನಾಲ್ 100 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿ ಮೆಲ್ಲಗೆ ಏರಿಸಿದೆ, ಜೊತೆಗೆ ಮೂರು ತಿಂಗಳು ಕೊಲ್ಚಿಸಿನ್ 0.5 ಮಿಲಿಗ್ರಾಂ ದಿನಕ್ಕೊಂದು. ಯೂರಿಕ್ ಆಸಿಡ್ ಇಳಿಯತೊಡಗಿದಾಗ ಹಳೆಯ ಹರಳುಗಳು ಕದಲಿ ಹೊಸ ದಾಳಿ ಬರಬಹುದು. ಅದನ್ನು ತಡೆಯಲು ಕೊಲ್ಚಿಸಿನ್.

ಇಷ್ಟೆಲ್ಲ ಯಾಕೆ ಎಂದು ಯಜಮಾನರೇ ಕೇಳಿದರು. ಯೂರೇಟ್ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ ಕರಗಿರುತ್ತದೆ, ಅದಕ್ಕಿಂತ ಮೇಲೆ ಹೋದರೆ ಹರಳುಗಟ್ಟಬಹುದು, ಮೈಯಲ್ಲಿ ತಣ್ಣಗಿರುವ ಜಾಗ ಕಾಲ್ಬೆರಳಾದ್ದರಿಂದ ಅಲ್ಲೇ ಮೊದಲು ಕಟ್ಟುತ್ತದೆ ಎಂದು ಹೇಳಲು ಹೊರಟೆ. ಅರ್ಧಕ್ಕೇ ಅವರಿಗೆ ಅರ್ಥವಾಯಿತು. "ಪಾಕ ಏರಿ, ಆರಕ್ ಬುಟ್ರೆ ಹರಳು ಕಟ್ತದಲ್ಲ ಹಂಗೆ," ಎಂದರು, ನಿಧಾನವಾಗಿ, ಒಂದೊಂದೇ ಪದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಗೌಟ್ ಇರುವವರಲ್ಲಿ ನಾವು ಅಂಕಿಯನ್ನು 6ರ ಕೆಳಗೆ ಇಡುವುದು ಇದಕ್ಕೇ: ಕಟ್ಟಿದ ಹರಳು ಕರಗಬೇಕು, ಹೊಸದು ಕಟ್ಟಬಾರದು.

ಕಬ್ಬಿನ ಹಾಲು ನಿಲ್ಲಿಸಿ ಎಂದಾಗ ಮನೆಯವರಿಗೆಲ್ಲ ಬೇಸರವಾಯಿತು. ಸಕ್ಕರೆ ನಾಡಿನಲ್ಲಿ ಕೂತು ಹೀಗೆ ಹೇಳುವುದು ನನಗೂ ಸುಲಭವಲ್ಲ. ಆದರೆ ಕಬ್ಬಿನ ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಯಕೃತ್ತು ಅದನ್ನು ಅರಗಿಸುವಾಗ ಜೀವಕೋಶದ ಶಕ್ತಿಯ ನಗದು ಎನ್ನಬಹುದಾದ ಎಟಿಪಿ ಭರದಿಂದ ಖರ್ಚಾಗುತ್ತದೆ, ಉಳಿದ ಚೂರು ಯೂರಿಕ್ ಆಸಿಡ್ ಆಗುತ್ತದೆ. ಮಾಂಸ ಬಿಟ್ಟವರು ಕೂಡ ದಿನಾ ಸಿಹಿ ಪಾನಕ ಕುಡಿದರೆ ಯೂರಿಕ್ ಆಸಿಡ್ ಏರುವುದು ಹೀಗೆ. ಕಾಳು, ಸೊಪ್ಪು, ಹುರುಳಿಕಾಯಿಯನ್ನು ಬಿಡಿಸುವವರಿದ್ದಾರೆ. ಅವುಗಳಿಂದ ಗೌಟ್ ಹೆಚ್ಚುವುದಿಲ್ಲ, ಬಿಡಬೇಕಾಗಿಲ್ಲ. ಮುದ್ದೆ ತಿನ್ನಬಹುದು, ಆದರೆ ಅವರ ಮಟ್ಟಿಗೆ ಮುದ್ದೆಯ ತೊಂದರೆ ಬೇರೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಪಾರ್ಕಿನ್ಸನ್‌ನಲ್ಲಿ ನುಂಗುವ ಶಕ್ತಿ ಕುಗ್ಗುತ್ತದೆ. ತುತ್ತು ಚಿಕ್ಕದಾಗಬೇಕು, ಸಾರಿನಲ್ಲಿ ಚೆನ್ನಾಗಿ ಅದ್ದಬೇಕು, ನೆಟ್ಟಗೆ ಕೂತು ತಿನ್ನಬೇಕು.

ಮಗನ ನೋಟ್‌ಬುಕ್ಕು

ಮುಂದಿನ ಭಾನುವಾರ ಮಗ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಆ ನೋಟ್‌ಬುಕ್ಕು, ಚೀಲದಲ್ಲಿ ಒಂದು ಬಾಟಲಿ. ಆನ್‌ಲೈನಿನಲ್ಲಿ ತರಿಸಿದ ಇನೋಸಿನ್ ಕ್ಯಾಪ್ಸೂಲು. ಇನೋಸಿನ್ ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುತ್ತದೆ. ಸೀಲ್ ಒಡೆದಿರಲಿಲ್ಲ, ನರರೋಗ ತಜ್ಞರನ್ನು ಕೇಳಿ ಕೊಡೋಣವೆಂದು ಇಟ್ಟುಕೊಂಡಿದ್ದರಂತೆ. "ನಾನು ಓದಿದ್ದು ಸುಳ್ಳಾ ಮೇಡಂ?" ಎಂದು ಕೇಳಿದರು. ಕಣ್ಣು ಕೆಂಪಾಗಿತ್ತು.

ಸುಳ್ಳಲ್ಲ. ಓದಿದ್ದು ನಡುವಿಗೇ ನಿಂತಿತ್ತು, ಅಷ್ಟೆ. ಇಬ್ಬರೂ ಕೂತು ಪುಟ ಪುಟ ನೋಡಿದೆವು.

ಮೊದಲ ಪುಟಗಳಲ್ಲಿದ್ದದ್ದು ಹಳೆಯ ಕತೆ. ನಾಯಿ, ಇಲಿ, ದನ ಮುಂತಾದ ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಯೂರಿಕ್ ಆಸಿಡನ್ನು ಇನ್ನೂ ಸುಲಭವಾಗಿ ಕರಗುವ ವಸ್ತುವಾಗಿ ಒಡೆಯುತ್ತದೆ. ಮನುಷ್ಯನ ಮತ್ತು ದೊಡ್ಡ ವಾನರಗಳ ಪೂರ್ವಜರಲ್ಲಿ ಕೋಟಿ ವರ್ಷಕ್ಕೂ ಹಿಂದೆ ಆ ಜೀನ್ ಕೆಟ್ಟಿತು. ಅದಕ್ಕೇ ನಮ್ಮ ರಕ್ತದಲ್ಲಿ ಯೂರಿಕ್ ಆಸಿಡ್ ಅವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. 1981ರಲ್ಲಿ ಬ್ರೂಸ್ ಏಮ್ಸ್ ಮತ್ತು ಜೊತೆಗಾರರು, ಯೂರಿಕ್ ಆಸಿಡ್ ಬರೀ ಕಸವಲ್ಲ, ಮನುಷ್ಯನ ದೇಹಕ್ಕೆ ಅದೊಂದು ಆಂಟಿಆಕ್ಸಿಡೆಂಟ್ ರಕ್ಷಣೆ ಎಂದು ಮುಂದಿಟ್ಟರು. ಪಾರ್ಕಿನ್ಸನ್‌ನಲ್ಲಿ ಸಾಯುವ ಜೀವಕೋಶಗಳು ಆಕ್ಸಿಡೀಕರಣದ ಹೊಡೆತಕ್ಕೆ ಹೆಚ್ಚು ಸಿಗುವಂಥವು. ಎರಡನ್ನೂ ಜೋಡಿಸುವ ಆಸೆ ಯಾರಿಗಾದರೂ ಬರುತ್ತದೆ.

ನಂತರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು. ಹವಾಯಿಯ ಹೊನೊಲುಲುವಿನಲ್ಲಿ ಜಪಾನೀ ಮೂಲದ ಸುಮಾರು 8,000 ಗಂಡಸರನ್ನು ನೋಡಿದ ಅಧ್ಯಯನ 1996ರಲ್ಲಿ ಹೇಳಿದ್ದು: ಯೂರಿಕ್ ಆಸಿಡ್ ಮಧ್ಯಮಟ್ಟಕ್ಕಿಂತ ಮೇಲಿದ್ದವರಲ್ಲಿ ಪಾರ್ಕಿನ್ಸನ್ ಸುಮಾರು ಶೇ. 40ರಷ್ಟು ಕಡಿಮೆ. 2005ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಿಂದಲೂ ಅದೇ ದಿಕ್ಕಿನ ಫಲಿತಾಂಶ ಬಂತು. ಡೇಟಾಟಾಪ್ ಎಂಬ ಹಳೆಯ ಔಷಧ ಪ್ರಯೋಗದಲ್ಲಿ ಸೇರಿದ್ದ 800 ರೋಗಿಗಳ ರಕ್ತ ಮತ್ತು ಬೆನ್ನುಹುರಿ ನೀರನ್ನು ತೆಗೆದು ನೋಡಿದಾಗ, ಯೂರಿಕ್ ಆಸಿಡ್ ಹೆಚ್ಚಿದ್ದವರಲ್ಲಿ ಕಾಯಿಲೆ ನಿಧಾನವಾಗಿ ಏರಿತ್ತು. ಇದು 2009ರಲ್ಲಿ ಪ್ರಕಟವಾಯಿತು. ನೋಟ್‌ಬುಕ್ಕಿನಲ್ಲಿ ಇಷ್ಟೂ ಇತ್ತು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು. ಕೊನೆಯ ಸಾಲು: 'ಯೂರಿಕ್ ಆಸಿಡ್ ಹೆಚ್ಚಿಸಬೇಕು'.

ಆ ಕೊನೆಯ ಸಾಲನ್ನೇ ಪರೀಕ್ಷೆಗೆ ಒಡ್ಡಿದವರಿದ್ದಾರೆ. ಅಮೆರಿಕದಲ್ಲಿ ಶೂರ್-ಪಿಡಿ3 ಎಂಬ ಪ್ರಯೋಗ ನಡೆಯಿತು. ಪಾರ್ಕಿನ್ಸನ್ ಈಗಷ್ಟೇ ಶುರುವಾಗಿದ್ದ, ಯೂರಿಕ್ ಆಸಿಡ್ 5.7 ಅಥವಾ ಅದಕ್ಕಿಂತ ಕಡಿಮೆ ಇದ್ದ 298 ಜನ. ಅರ್ಧ ಜನಕ್ಕೆ ಇನೋಸಿನ್, ಅರ್ಧ ಜನಕ್ಕೆ ಔಷಧವಿಲ್ಲದ ಕ್ಯಾಪ್ಸೂಲು. ಯೂರಿಕ್ ಆಸಿಡನ್ನು 7.1ರಿಂದ 8.0ರ ನಡುವೆ ನಿಲ್ಲಿಸುವುದು ಗುರಿ; ಅದರಂತೆ ಸುಮಾರು 2 ಮಿಲಿಗ್ರಾಂ ಏರಿತು ಕೂಡ. ಎರಡು ವರ್ಷ ಕೊಡಬೇಕೆಂದಿದ್ದರು. 2018ರಲ್ಲಿ ನಡುವಿನ ಲೆಕ್ಕ ನೋಡಿ, ಮುಂದುವರಿಸಿದರೂ ಪ್ರಯೋಜನ ಕಾಣುವುದಿಲ್ಲವೆಂದು ನಿಲ್ಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಾಯಿಲೆಯ ತೀವ್ರತೆಯ ಅಂಕ ವರ್ಷಕ್ಕೆ ಇನೋಸಿನ್ ತೆಗೆದುಕೊಂಡವರಲ್ಲಿ 11.1ರಷ್ಟು, ತೆಗೆದುಕೊಳ್ಳದವರಲ್ಲಿ 9.9ರಷ್ಟು ಏರಿತ್ತು. ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ. ಎರಡು ಗುಂಪಿನ ಅಂತರ ಆಕಸ್ಮಿಕವಾಗಿ ಬರುವಷ್ಟೇ. ಮಿದುಳಿನ ಡೋಪಮಿನ್ ಸ್ಕ್ಯಾನಿನಲ್ಲೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಂಡದ್ದು ಕಿಡ್ನಿಯಲ್ಲಿ. ನೂರು ರೋಗಿಗಳನ್ನು ಒಂದು ವರ್ಷ ನೋಡಿದರೆ ಇನೋಸಿನ್ ಗುಂಪಿನಲ್ಲಿ 7 ಕಲ್ಲು, ಇನ್ನೊಂದು ಗುಂಪಿನಲ್ಲಿ 1.4.

2018ರಲ್ಲೇ ಜೀನ್‌ಗಳನ್ನು ನೋಡಿದ ಅಧ್ಯಯನಗಳೂ ಬಂದವು. ಕೆಲವರಿಗೆ ಹುಟ್ಟಿನಿಂದಲೇ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿರುವಂಥ ಜೀನ್ ಇರುತ್ತದೆ. ಯೂರಿಕ್ ಆಸಿಡ್ ನಿಜವಾಗಿ ಮಿದುಳನ್ನು ಕಾಯುವುದಾದರೆ ಅಂಥವರಿಗೆ ಪಾರ್ಕಿನ್ಸನ್ ಕಡಿಮೆ ಬರಬೇಕಿತ್ತು. ಹಾಗೆ ಕಾಣಲಿಲ್ಲ.

ಮಗ ತುಂಬ ಹೊತ್ತು ಸುಮ್ಮನಿದ್ದರು. "ಹಾಗಾದರೆ ಹೊನೊಲುಲುವಿನಲ್ಲಿ ಕಂಡದ್ದು ಏನು?" ಎಂದರು. ಸರಿಯಾದ ಪ್ರಶ್ನೆ. ಕನ್ನಂಬಾಡಿಯ ಉದಾಹರಣೆ ಕೊಟ್ಟೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಕಟ್ಟೆ ತುಂಬುವ ಮಟ್ಟವಾದ 124.80 ಅಡಿಗೆ ಹತ್ತಿರ ಬಂತೆಂದರೆ ಕೊಡಗಿನಲ್ಲಿ ಮಳೆ ಚೆನ್ನಾಗಿದೆ ಎಂದು ಗೊತ್ತಾಗುತ್ತದೆ. ಅಂಕಿ ನಿಜ, ಅದು ಹೇಳುವ ಸುದ್ದಿಯೂ ನಿಜ. ಹಾಗೆಂದು ಟ್ಯಾಂಕರಿನಲ್ಲಿ ನೀರು ತಂದು ಕಟ್ಟೆಗೆ ಸುರಿದರೆ ತಲಕಾವೇರಿಯಲ್ಲಿ ಮಳೆ ಬರುವುದಿಲ್ಲ. ಯೂರಿಕ್ ಆಸಿಡ್ ಪಾರ್ಕಿನ್ಸನ್‌ನಲ್ಲಿ ಅಂಥ ಅಳತೆಪಟ್ಟಿ. ತೂಕ ಇಳಿದರೆ ಯೂರಿಕ್ ಆಸಿಡ್ ಇಳಿಯುತ್ತದೆ. ಪಾರ್ಕಿನ್ಸನ್‌ನಲ್ಲಿ, ಒಮ್ಮೊಮ್ಮೆ ಅದು ಗೊತ್ತಾಗುವ ಮೊದಲೇ, ತೂಕ ಇಳಿಯತೊಡಗುತ್ತದೆ. ಊಟ, ಕರುಳು, ಕಿಡ್ನಿ ಎಲ್ಲದರ ನೆರಳೂ ಆ ಒಂದು ಅಂಕಿಯ ಮೇಲೆ ಬೀಳುತ್ತದೆ.

ಅವರು ಪೆನ್ನು ತೆಗೆದು ಕೊನೆಯ ಸಾಲಿನ ಮೇಲೆ ಗೆರೆ ಎಳೆದರು. ಬಾಟಲಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು.

ಒಂದು ವಿಷಯ ಆ ದಿನ ಅವರಿಗೆ ಹೇಳಲು ಮರೆತೆ, ಇಲ್ಲಿ ಬರೆಯುತ್ತೇನೆ. ನಡುಕದ ಈ ಕಾಯಿಲೆಯನ್ನು 1817ರಲ್ಲಿ ಲಂಡನ್ನಿನಲ್ಲಿ ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಅದಕ್ಕೆ ಹನ್ನೆರಡು ವರ್ಷ ಮೊದಲು, 1805ರಲ್ಲಿ, ಗೌಟ್ ಬಗ್ಗೆಯೂ ಬರೆದಿದ್ದರು. ಅವರಿಗೇ ಗೌಟ್ ಇತ್ತು. ಆ ಎರಡು ಕಾಯಿಲೆಗಳೂ ಒಂದೇ ಮಂಚದ ಮೇಲೆ ನನಗೆ ಸಿಕ್ಕಿದ್ದವು. ಒಂದನ್ನು ನೋಡುತ್ತಾ ಇನ್ನೊಂದನ್ನು ಬಿಟ್ಟಿದ್ದೆ.

ಮತ್ತೆ ನಡಿಗೆ

ಗೌಟ್ ಇಳಿದದ್ದು ವಾರದಲ್ಲಿ. ನಡಿಗೆ ಮರಳಲು ಎರಡು ತಿಂಗಳೇ ಬೇಕಾಯಿತು. ಪಾರ್ಕಿನ್ಸನ್ ಇರುವವರು ಹತ್ತು ದಿನ ಮಲಗಿದರೆ ಕಳೆದುಕೊಳ್ಳುವುದು ಆರೋಗ್ಯವಂತರು ತಿಂಗಳು ಮಲಗಿದರೂ ಕಳೆದುಕೊಳ್ಳುವುದಿಲ್ಲ ಎಂದು ನನ್ನ ಅನುಭವ. ತೊಡೆ ಸೊರಗಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಹೊಕ್ಕಿತ್ತು. ನಡುಮನೆಯಿಂದ ಅಡುಗೆಮನೆಗೆ ಹೋಗುವ ಹೊಸ್ತಿಲ ಹತ್ತಿರ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿದ್ದರು. ಮುಂದೆ ಬಾಗಿದ ಮೈ, ಕದಲದ ಕಾಲು. ಒಮ್ಮೆ ಹಾಗೇ ಮುಗ್ಗರಿಸಿದರು, ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಹೀಗೆ ಕಾಲು ಕಟ್ಟಿಹಾಕಿದಂತಾದಾಗ ಕಣ್ಣಿಗೆ ಒಂದು ಗೆರೆ ಕಂಡರೆ ಅದನ್ನು ದಾಟಲು ಹೆಜ್ಜೆ ತಾನೇ ಏಳುತ್ತದೆ. ಸ್ವಂತವಾಗಿ ಹೆಜ್ಜೆ ಶುರು ಮಾಡುವ ಮಿದುಳಿನ ದಾರಿ ಮಂಕಾಗಿದ್ದರೂ ಕಣ್ಣಿನ ಮೂಲಕ ಹೋಗುವ ದಾರಿ ಕೆಲಸ ಮಾಡುತ್ತದೆ. ಹೇಳಿದ ಸಂಜೆಯೇ ಮನೆಯವರು ರಂಗೋಲಿ ಪುಡಿಯಲ್ಲಿ ಅಡ್ಡಗೆರೆ ಎಳೆದಿದ್ದರು. ಫಿಸಿಯೋಥೆರಪಿಯವರು ನೋಡಿ, ಪುಡಿ ಜಾರುತ್ತದೆ ಎಂದು ಹಳದಿ ಟೇಪು ಅಂಟಿಸಿದರು, ಹೆಜ್ಜೆಗೊಂದರಂತೆ, ಮಂಚದಿಂದ ಬಚ್ಚಲವರೆಗೆ. ನೀರಿನ ವಿಷಯವೂ ಬಗೆಹರಿಯಿತು: ಸಂಜೆ ಆರರೊಳಗೆ ಎರಡು ಲೀಟರ್ ಮುಗಿಸುವುದು, ರಾತ್ರಿಗೆ ಮಂಚದ ಪಕ್ಕ ಮೂತ್ರದ ಬಾಟಲಿ. ಮೊದಮೊದಲು ನಾಚಿಕೊಂಡರು.

ಯೂರಿಕ್ ಆಸಿಡ್ ಮೂರು ತಿಂಗಳ ಮೇಲೆ 5.5, ಕ್ರಿಯಾಟಿನಿನ್ 1.2. ಪಾರ್ಕಿನ್ಸನ್ ಹಿಂದಿನ ವರ್ಷಕ್ಕಿಂತ ಒಂದು ಚೂರು ಮುಂದೆ ಹೋಗಿದೆ, ಹೋಗುವ ವೇಗದಲ್ಲೇ. ಮೈಸೂರಿನ ತಜ್ಞರು ಲೆವೊಡೋಪಾವನ್ನು ಸ್ವಲ್ಪ ಹೆಚ್ಚಿಸಿ, ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಲು ಹೇಳಿದ್ದಾರೆ. ಮಾಂಸ, ಕಾಳಿನ ಪ್ರೋಟೀನ್ ಜೊತೆಗೆ ಹೋದರೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ.

ಕಳೆದ ಶ್ರಾವಣದಲ್ಲಿ ಬಂದಿದ್ದರು. ಮಗನ ತೋಳು ಹಿಡಿದು, ನನ್ನ ಕೋಣೆಯ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ನೆಲದ ಕಲ್ಲಿನ ಸಂದಿನ ಗೆರೆ ನೋಡಿ ದಾಟಿದರು. ಬಿಪಿ ಪಟ್ಟಿ ಸುತ್ತಲು ಕೈ ಚಾಚಿ ಎಂದೆ. ಅವರು ಚಾಚಿದ್ದು ಕಾಲು. ಹೆಂಡತಿ ಬಗ್ಗಿ ಕಾಲುಚೀಲ ಬಿಡಿಸಿದರು. ಬೆರಳು ಒಣಗಿ, ತಣ್ಣಗೆ, ನೆಟ್ಟಗಿದ್ದವು.

"ದಿನಾ ರಾತ್ರಿ ಎಣ್ಣೆ ಸವರುವಾಗ ನಾನೇ ನೋಡ್ತೀನಿ ಕನವ್ವ," ಎಂದರು ಆ ತಾಯಿ, "ಎರಡು ಕಾಲೂ."